ಕೋಟು ಇಡೋ ಕೋಣೆ ಪಕ್ಕದ ಚಿತ್ರ

ಭಾಗ 1/8: ಕಾಲು ಎಣಿಸ್ರಿ

ಮೊದಲನೇ ಫೋಟೋ ಝೂಮ್ ಮಾಡಿ, ಅದರೊಳಗ ಎಷ್ಟು ಕಾಲು ಅದಾವ ಎಣಿಸ್ರಿ. ನಾನು ಮೂರು ಸಲ ಎಣಿಸಿದೆ, ಮೂರು ಸಲನೂ ಬೇರೆ ಬೇರೆ ಲೆಕ್ಕ ಬಂತು. ಬಿಕಾಂ ಓದೋಳಿಗೆ ಲೆಕ್ಕ ಟ್ಯಾಲಿ ಆಗಲಿಲ್ಲ ಅಂದ್ರೆ ಹೆಂಗಾಗ್ತದೆ ಅಂತ ಕ್ಲಾಸಿನವರಿಗೆ ಗೊತ್ತೇ ಇದೆ.

ಚಿತ್ರದ ಹೆಸರು ‘ಲಾ ಹುಂಗ್ಲಾ’. ಸ್ಪ್ಯಾನಿಷ್ ಭಾಷೆಯಲ್ಲಿ ಕಾಡು ಅಂತ ಅರ್ಥ. ನಮ್ಮ ‘ಜಂಗಲ್’ ಪದವೇ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಸ್ಪ್ಯಾನಿಷಿಗೆ ಹೋಗಿ ಹಿಂಗಾಗಿದೆ. ಬರೆದವನು ಕ್ಯೂಬಾ ದೇಶದ ವಿಫ್ರೆಡೊ ಲಾಮ್, ಬರೆದದ್ದು 1942–43ರಲ್ಲಿ. ಸುಮಾರು ಎಂಟಡಿ ಎತ್ತರ, ಏಳೂವರೆ ಅಡಿ ಅಗಲ. ನಮ್ಮ ಮನೆ ಪಡಸಾಲೆ ಗೋಡೆಗೆ ಹಾಕಿದ್ರೆ ಛತ್ತಿಗೆ ಮುಟ್ಟುತ್ತದೆ.

2025ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಲಾಮ್‌ನ ಇಡೀ ಜೀವನದ ಕೆಲಸದ ದೊಡ್ಡ ಪ್ರದರ್ಶನ ಶುರುವಾಯಿತು. ಇಂಥದ್ದಕ್ಕೆ ರೆಟ್ರೊಸ್ಪೆಕ್ಟಿವ್ ಅಂತಾರೆ. ಒಬ್ಬ ಕಲಾವಿದ ಮೊದಲಿಂದ ಕೊನೆವರೆಗೆ ಏನೇನು ಮಾಡಿದ ಅಂತ ಒಂದೇ ಕಡೆ ಇಟ್ಟು, ಹಿಂದಿರುಗಿ ನೋಡೋದು. ನಾನು ನ್ಯೂಯಾರ್ಕಿಗೆ ಹೋಗಿಲ್ಲ. ಕುಷ್ಟಗಿ ಬಸ್ಸಿನ ಕಿಟಕಿ ಸೀಟಲ್ಲಿ ಕೂತು, ಐದಿಂಚಿನ ಫೋನಲ್ಲಿ ಈ ಚಿತ್ರ ನೋಡಿದವಳು.

‘ಕೊಪ್ಪಳದೋಳಿಗೆ ಕ್ಯೂಬಾ ಯಾಕ?’ ಅಂತ ಕೇಳ್ತೀರಿ. ಕೇಳ್ರಿ. ಉತ್ತರ ಏಳನೇ ಭಾಗದಲ್ಲಿ ಐತಿ, ಮತ್ತು ಆ ಉತ್ತರ ನಮ್ಮ ಅಜ್ಜಿ.

ಭಾಗ 2/8: ಕಬ್ಬಿನ ಊರಿನ ಹುಡುಗ

ಲಾಮ್ ಹುಟ್ಟಿದ್ದು 1902ರ ಡಿಸೆಂಬರ್ 8ರಂದು, ಸಾಗ್ವಾ ಲಾ ಗ್ರಾಂದೆ ಎಂಬ ಊರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಕ್ಯೂಬಾ ಗಣರಾಜ್ಯ ಆಗಿತ್ತು. ಅಂದ್ರೆ ಹುಡುಗನಿಗೂ ಅವನ ದೇಶಕ್ಕೂ ಒಂದೇ ವಯಸ್ಸು.

ಗಂಗಾವತಿ ಸುತ್ತ ಭತ್ತ ಹೆಂಗೋ, ಸಾಗ್ವಾ ಸುತ್ತ ಕಬ್ಬು ಹಂಗೆ. ಕಣ್ಣು ಹಾಯಿಸಿದಷ್ಟೂ ಕಬ್ಬು. ಆದರೆ ಆ ಸಕ್ಕರೆಯ ಹಿಂದೆ ದೊಡ್ಡ ಕಹಿ ಕಥೆ ಇದೆ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಗುಲಾಮರಾಗಿ ಆ ಹೊಲಗಳಲ್ಲಿ ದುಡಿಸುತ್ತಿದ್ದರು. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1886ರಲ್ಲಿ, ಲಾಮ್ ಹುಟ್ಟುವುದಕ್ಕೆ ಬರೀ 16 ವರ್ಷ ಮುಂಚೆ. 1847ರಿಂದ ಚೀನಾದ ಕೂಲಿಗಳನ್ನೂ ಕರಾರು ಬರೆಸಿಕೊಂಡು ಹಡಗಿನಲ್ಲಿ ತರಿಸಿದರು. ಕರಾರು ಕಾಗದದ ಮೇಲೆ ಮಾತ್ರ, ಬದುಕು ಹೆಚ್ಚುಕಡಿಮೆ ಗುಲಾಮರದ್ದೇ.

ಈ ಇಡೀ ಇತಿಹಾಸ ಲಾಮ್‌ನ ಮನೆಯೊಳಗೇ ಇತ್ತು. ಅಪ್ಪ ಚೀನಾದಿಂದ ಬಂದವರು, ಮಗ ಹುಟ್ಟಿದಾಗ ಅವರಿಗೆ ಎಂಬತ್ತು ದಾಟಿತ್ತು. ಅವ್ವನ ಕಡೆ ಆಫ್ರಿಕಾದ ರಕ್ತವೂ ಇತ್ತು, ಸ್ಪೇನಿನ ರಕ್ತವೂ ಇತ್ತು. ಮಾಂತೋನಿಕಾ ವಿಲ್ಸನ್ ಎಂಬ ಧರ್ಮತಾಯಿ ಸಾಂತೇರಿಯಾ ಪಂಥದ ಪೂಜಾರಿಣಿ, ಔಷಧಿ ಕೊಡುವಾಕೆ. ಸಾಂತೇರಿಯಾ ಅಂದ್ರೆ, ಆಫ್ರಿಕಾದ ದೇವರುಗಳನ್ನು ಕ್ರೈಸ್ತ ಸಂತರ ಹೆಸರಿನ ಹಿಂದೆ ಅಡಗಿಸಿಟ್ಟು ಉಳಿಸಿಕೊಂಡ ಭಕ್ತಿ. ಮಾಲೀಕನಿಗೆ ಸಂತ ಕಾಣಿಸ್ತಾನೆ, ಕೈ ಮುಗಿದವಳಿಗೆ ತನ್ನ ದೇವರು ಕಾಣಿಸ್ತಾನೆ.

ಐದು ವರ್ಷದವನಿದ್ದಾಗ ಒಂದು ಬಾವಲಿಯ ನೆರಳು ಅವನ ಕೋಣೆಯ ಗೋಡೆ ಮೇಲೆ ಹಾರಾಡಿತಂತೆ. ಆ ಹೆದರಿಕೆಯನ್ನು ಅವನು ದೊಡ್ಡವನಾದ ಮೇಲೂ ಹೇಳ್ತಿದ್ದ. ನೆನಪಿಟ್ಟುಕೊಳ್ರಿ, ಅವನ ಚಿತ್ರಗಳಲ್ಲಿ ರೆಕ್ಕೆ ಇರೋ ನೆರಳುಗಳು ಮುಂದೆ ಬಹಳ ಬರ್ತಾವ.

ಭಾಗ 3/8: ಸ್ಪೇನಿನ 15 ವರ್ಷ

ಮನೆಯವರಿಗೆ ಹುಡುಗ ವಕೀಲ ಆಗಲಿ ಅಂತ ಆಸೆ. (ನಮ್ಮ ಮನೇಲಿ ಬ್ಯಾಂಕ್ ಎಕ್ಸಾಂ ಅಂತಾರಲ್ಲ, ಹಂಗೆ.) ಅವನು ಹವಾನಾಕ್ಕೆ ಹೋಗಿ ಚಿತ್ರಕಲೆ ಕಲಿತ. 1923ರಲ್ಲಿ, ಊರ ಪುರಸಭೆ ಕೊಟ್ಟ ವಿದ್ಯಾರ್ಥಿವೇತನ ಹಿಡಿದು ಸ್ಪೇನಿನ ಮ್ಯಾಡ್ರಿಡ್‌ಗೆ ಹೋದ. ಆಗ ಅವನಿಗೆ ವಯಸ್ಸು 20. ನಮ್ಮದೇ ವಯಸ್ಸು.

ಅಲ್ಲಿ ಪ್ರಾದೋ ಮ್ಯೂಸಿಯಂನಲ್ಲಿ ಹಳೇ ಗುರುಗಳ ಚಿತ್ರ ನೋಡಿ ನೋಡಿ ಕೈ ಪಳಗಿಸಿಕೊಂಡ. 1929ರಲ್ಲಿ ಎವಾ ಪಿರಿಸ್ ಎಂಬಾಕೆಯನ್ನು ಮದುವೆಯಾದ. ಒಬ್ಬ ಮಗ ಹುಟ್ಟಿದ. 1931ರಲ್ಲಿ ಹೆಂಡತಿ, ಮಗು ಇಬ್ಬರೂ ಕ್ಷಯರೋಗದಿಂದ ತೀರಿಕೊಂಡರು. ಮುಂದೆ ಅವನು ಬಹಳ ಸಲ ತಾಯಿ-ಮಗುವಿನ ಚಿತ್ರ ಬರೆದ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಚುನಾಯಿತ ಸರ್ಕಾರದ ವಿರುದ್ಧ ಜನರಲ್ ಫ್ರಾಂಕೋ ಮತ್ತು ಅವನ ಜೊತೆಯ ಸೇನಾಧಿಕಾರಿಗಳು ಬಂಡೆದ್ದರು. ಹಿಟ್ಲರ್, ಮುಸೊಲಿನಿ ಅವರ ಬೆನ್ನಿಗೆ ನಿಂತರು. ಲಾಮ್ ಸುಮ್ಮನೆ ಊರಿಗೆ ವಾಪಸ್ ಹೋಗಬಹುದಿತ್ತು, ಅದು ಅವನ ದೇಶವೂ ಅಲ್ಲ. ಹೋಗಲಿಲ್ಲ. ಸರ್ಕಾರದ ಪರ ಪೋಸ್ಟರ್ ಬರೆದ, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದ. ಅಲ್ಲಿಯ ರಾಸಾಯನಿಕಗಳು ಮೈಗೆ ವಿಷವಾಗಿ ಮಲಗಿಬಿಟ್ಟ.

1937ರಲ್ಲಿ ‘ಲಾ ಗೇರಾ ಸಿವಿಲ್’ ಎಂಬ ದೊಡ್ಡ ಚಿತ್ರ ಬರೆದ, ಅಂತರ್ಯುದ್ಧ ಅಂತಲೇ ಹೆಸರು. ಕ್ಯಾನ್ವಾಸ್ ಅಲ್ಲ, ಕಾಗದದ ಮೇಲೆ. ಮೂರನೇ ಫೋಟೋ ನೋಡ್ರಿ. ಮೈಗಳು ಒಂದರ ಮೇಲೊಂದು ಒತ್ತಿಕೊಂಡಿವೆ, ಉಸಿರಾಡೋಕೆ ಜಾಗ ಇಲ್ಲ. ‘ಲಾ ಹುಂಗ್ಲಾ’ದ ಇಕ್ಕಟ್ಟು ನನಗೆ ಮೊದಲು ಇಲ್ಲೇ ಕಂಡಿತು. ಯುದ್ಧದಲ್ಲಿ ಕಲಿತದ್ದನ್ನು ಅವನು ಆಮೇಲೆ ಕಬ್ಬಿನ ಹೊಲಕ್ಕೆ ತಂದ.

ಭಾಗ 4/8: ಓಡಿದವರ ಹಡಗು

1938ರಲ್ಲಿ ಲಾಮ್ ಪ್ಯಾರಿಸ್‌ಗೆ ಬಂದ. ಕೈಯಲ್ಲಿ ಪಿಕಾಸೋಗೆ ಬರೆದ ಒಂದು ಪರಿಚಯ ಪತ್ರ. ಪಿಕಾಸೋ ಅವನನ್ನು ತನ್ನವನಂತೆ ಕಂಡು, ಎಲ್ಲರಿಗೂ ಪರಿಚಯಿಸಿದ. ಹಾಗೆ ಪರಿಚಯವಾದವರಲ್ಲಿ ಸರ್ರಿಯಲಿಸ್ಟ್ ಗುಂಪಿನ ನಾಯಕ, ಕವಿ ಆಂದ್ರೆ ಬ್ರೆತೋನ್ ಕೂಡ ಒಬ್ಬ.

ಸರ್ರಿಯಲಿಸಂ ಏನಂದ್ರೆ, ಎಚ್ಚರದಲ್ಲಿ ನಾವು ಅದುಮಿಟ್ಟದ್ದು ಕನಸಲ್ಲಿ ಹೊರಗೆ ಬರ್ತದಲ್ಲ, ಅದನ್ನೇ ನಿಜ ಅಂತ ಹಿಡಿದು ಬರೆಯೋದು. 1924ರಲ್ಲಿ ಬ್ರೆತೋನ್ ಇದಕ್ಕೊಂದು ಪ್ರಣಾಳಿಕೆ ಬರೆದ. ಯುರೋಪಿನವರಿಗೆ ಅದು ಹೊಸದು. ಅಲ್ಲಮನ ಬೆಡಗಿನ ವಚನ ಕೇಳಿ ಬೆಳೆದ ನಮಗೆ ಅಷ್ಟೇನೂ ಹೊಸದಲ್ಲ. ಮೇಲ್ನೋಟಕ್ಕೆ ಅರ್ಥ ತಪ್ಪಿದ ಹಾಗೆ ಕಾಣುವ ಮಾತು ಒಳಗೆ ಬೇರೇನೋ ಹೇಳ್ತಿರ್ತದೆ ಅನ್ನೋದು ನಮಗೆ ಗೊತ್ತು.

1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ ಹಿಡಿಯಿತು. ಲಾಮ್ ಮತ್ತೆ ಓಡಬೇಕಾಯಿತು, ಈ ಸಲ ದಕ್ಷಿಣದ ಮಾರ್ಸೇಗೆ. ಅಲ್ಲಿ ಊರ ಹೊರಗಿನ ಒಂದು ಹಳೇ ಬಂಗಲೆಯ ಸುತ್ತ ಕವಿಗಳು, ಚಿತ್ರಕಾರರು ಸೇರಿಕೊಂಡು ವೀಸಾಕ್ಕಾಗಿ ಕಾಯುತ್ತಿದ್ದರು. ಕಾಯೋ ಬೇಜಾರಿಗೆ ಎಲ್ಲರೂ ಸೇರಿ ತಮ್ಮದೇ ಇಸ್ಪೀಟ್ ಎಲೆಗಳನ್ನು ಬರೆದರು. ರಾಜ-ರಾಣಿಯರನ್ನು ತೆಗೆದುಹಾಕಿ ಆ ಜಾಗಕ್ಕೆ ತಮಗೆ ಬೇಕಾದವರನ್ನು ಕೂರಿಸಿದರು! ಜೀವ ಕೈಯಲ್ಲಿ ಹಿಡಿದು ಕೂತವರಿಗೂ ಆಟ ಬೇಕು.

1941ರ ಮಾರ್ಚ್ ಕೊನೆಗೆ ‘ಕಾಪಿತೇನ್ ಪೋಲ್ ಲೆಮೆರ್ಲ್’ ಎಂಬ ಹಡಗು ಹೊರಟಿತು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ನಿರಾಶ್ರಿತರು. ಲಾಮ್, ಅವನ ಸಂಗಾತಿ ಹೆಲೆನಾ ಹೋಲ್ಜರ್, ಬ್ರೆತೋನ್, ಕಾದಂಬರಿಗಾರ್ತಿ ಆನಾ ಸೇಗರ್ಸ್, ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್, ಎಲ್ಲ ಒಂದೇ ಹಡಗಲ್ಲಿ. ನಡುವೆ ಮಾರ್ಟಿನಿಕ್ ದ್ವೀಪದಲ್ಲಿ ಇಳಿದಾಗ ಅವರನ್ನು ಶಿಬಿರದಲ್ಲಿ ಕೂಡಿಹಾಕಿದರು. ಅದೇ ದ್ವೀಪದಲ್ಲಿ ಕಪ್ಪು ಜನರ ದನಿಯಾದ ಕವಿ ಏಮೆ ಸೆಜೇರ್ ಲಾಮ್‌ಗೆ ಸಿಕ್ಕಿದ. ಅವರಿಬ್ಬರ ಗೆಳೆತನ ಕೊನೆವರೆಗೂ ಉಳಿಯಿತು.

ಭಾಗ 5/8: ಹಿಂತಿರುಗಿದಾಗ ಕಂಡದ್ದು

18 ವರ್ಷದ ಮೇಲೆ ಲಾಮ್ ಕ್ಯೂಬಾಕ್ಕೆ ಕಾಲಿಟ್ಟ. ಖುಷಿ ಆಗಬೇಕಿತ್ತು, ಆಗಲಿಲ್ಲ. ಹವಾನಾ ಪ್ರವಾಸಿಗರ ಮೋಜಿನ ಊರಾಗಿತ್ತು. ಕಪ್ಪು ಜನರಿಗೆ ಬಡತನ ಅದೇ, ಅವಮಾನ ಅದೇ. ಅವನ ಧರ್ಮತಾಯಿಯ ದೇವರುಗಳನ್ನು ದುಡ್ಡು ಕೊಟ್ಟವರಿಗೆ ಕುಣಿಸಿ ತೋರಿಸುತ್ತಿದ್ದರು.

ಆಗ ಅವನು ಬರೆದದ್ದೇ ‘ಲಾ ಹುಂಗ್ಲಾ’. ಈಗ ಮತ್ತೊಮ್ಮೆ ಮೊದಲ ಫೋಟೋಗೆ ಹೋಗ್ರಿ.

ಹೆಸರು ಕಾಡು. ಆದರೆ ಗೆರೆ ಗೆರೆಯಾಗಿ ನಿಂತದ್ದು ಕಬ್ಬು. ಕಬ್ಬು ಯಾವ ಕಾಡಲ್ಲಿ ಬೆಳೀತದೆ? ಹೊಲದಾಗ ಬೆಳೀತದ, ಯಾರೋ ನಾಟಿ ಮಾಡಿದ್ರೆ ಬೆಳೀತದ. ನಾವು ರೈತರ ಮಕ್ಕಳು, ನಮಗೆ ಇದು ಥಟ್ ಅಂತ ಹೊಳೀಬೇಕು. ನೋಡೋರು ಇದನ್ನ ಕಾಡು ಅಂದುಕೊಳ್ತಾರೆ, ಅದರೊಳಗಿನವರನ್ನು ಕಾಡುಜನ ಅಂದುಕೊಳ್ತಾರೆ. ಅಸಲಿಗೆ ಅದು ತೋಟ, ಒಳಗಿರೋರು ಕೂಲಿಕಾರರು.

ಅವರ ಕೈಕಾಲು ನೋಡ್ರಿ, ಮೈಗೆ ಹೊಂದದಷ್ಟು ದೊಡ್ಡವು. ದುಡಿಸೋನಿಗೆ ಬೇಕಾದದ್ದು ಅವೆರಡೇ ಅಲ್ವಾ? ಮುಖಗಳು ಮುಖವಾಡ, ಒಂದಂತೂ ಅರ್ಧಚಂದ್ರ. ದೇವರು ಮೈಮೇಲೆ ಬಂದಾಗ ಮನುಷ್ಯ ಯಾವುದು, ದೇವರು ಯಾವುದು ಅಂತ ಗೊತ್ತಾಗದ ಹಾಗೆ, ಇಲ್ಲಿ ಮೈ ಯಾವುದು, ಗಿಡ ಯಾವುದು ಗೊತ್ತಾಗಲ್ಲ. ಬಲಗಡೆ ಮೇಲೆ ಒಂದು ಕೈಯಲ್ಲಿ ಕತ್ತರಿ ಇದೆ. ಅದು ಬೆಳೆ ಕತ್ತರಿಸೋಕೋ, ಇನ್ನೇನನ್ನೋ ಕತ್ತರಿಸೋಕೋ ಅಂತ ಚಿತ್ರ ಹೇಳಲ್ಲ.

ಇದನ್ನೂ ಅವನು ಬರೆದದ್ದು ಕಾಗದದ ಮೇಲೆಯೇ, ಆ ಕಾಗದವನ್ನು ಆಮೇಲೆ ಕ್ಯಾನ್ವಾಸ್‌ಗೆ ಅಂಟಿಸಿದ್ದು.

ಪ್ಯಾರಿಸ್ಸಿನವರಿಗೆ ಕನಸು ಅಂದ್ರೆ ಒಬ್ಬ ಮನುಷ್ಯನ ಮನಸ್ಸಿನ ಒಳಗಿನ ಸಂಗತಿ. ಲಾಮ್ ಅದನ್ನ ಒಂದು ಇಡೀ ಜನಾಂಗ ಅದುಮಿಟ್ಟುಕೊಂಡ ನೆನಪಿಗೆ ಹಚ್ಚಿದ. ಅವನ ಸರ್ರಿಯಲಿಸಂ ಬೇರೆ ಅನ್ನಿಸೋದು ಇಲ್ಲೇ.

ಭಾಗ 6/8: ಕೋಟು ಇಡೋ ಕೋಣೆ

1944ರಲ್ಲಿ ಈ ಚಿತ್ರವನ್ನು ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ತೋರಿಸಿದರು. 1945ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೊಂಡುಕೊಂಡಿತು. ಕಥೆ ಸುಖಾಂತ್ಯ ಅಂದುಕೊಂಡ್ರಾ? ತಡೀರಿ.

ಪಿಕಾಸೋ, ಮತೀಸ್ ಅವರೆಲ್ಲ ಒಳಗಿನ ದೊಡ್ಡ ಕೋಣೆಗಳಲ್ಲಿ. ‘ಲಾ ಹುಂಗ್ಲಾ’ ಮಾತ್ರ ವರ್ಷಗಟ್ಟಲೆ ಲಾಬಿಯ ಕಡೆ, ಬಂದವರು ಕೋಟು ಬಿಚ್ಚಿ ಇಡೋ ಕೋಣೆಗೆ ಹೋಗುವ ದಾರಿಯಲ್ಲಿ. ಚಳಿ ದೇಶ ಅಲ್ವಾ, ಮ್ಯೂಸಿಯಂಗೆ ಹೋದವರು ಮೊದಲು ಕೋಟು ಒಪ್ಪಿಸಿ ಟೋಕನ್ ತಗೋತಾರೆ. ನಮ್ಮಲ್ಲಿ ಗುಡಿ ಮುಂದೆ ಚಪ್ಪಲಿ ಬಿಡ್ತೀವಲ್ಲ, ಅಂಥ ಜಾಗ. ಚಪ್ಪಲಿ ಬಿಡುವಾಗ ಯಾರು ಗೋಡೆ ನೋಡ್ತಾರ?

1988ರಲ್ಲಿ ಜಾನ್ ಯಾವ್ ಎಂಬ ಕವಿ, ವಿಮರ್ಶಕ ಇದರ ಬಗ್ಗೆಯೇ ಒಂದು ಲೇಖನ ಬರೆದ. ಅವನೂ ಚೀನೀ ಮೂಲದವನು. ಚಿತ್ರವನ್ನು ಎಲ್ಲಿ ನೇತುಹಾಕ್ತೀರಿ ಅನ್ನೋದೇ ನೀವು ಅದಕ್ಕೆ ಕೊಡೋ ಬೆಲೆ, ಇದು ಅವನ ವಾದ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ: ಆಸ್ತಿ ಪುಸ್ತಕದಲ್ಲಿ ಇತ್ತು, ಆದರೆ ಯಾರೂ ಅದನ್ನ ಆಸ್ತಿ ಅಂತ ನೋಡಲಿಲ್ಲ.

ಲಾಮ್ ಇದ್ಯಾವುದಕ್ಕೂ ಕಾಯಲಿಲ್ಲ. ಕ್ಯೂಬಾ, ಪ್ಯಾರಿಸ್, ಇಟಲಿಯ ಅಲ್ಬಿಸೋಲಾ ಅಂತ ಓಡಾಡಿದ, ಮಣ್ಣಿನ ಪಾತ್ರೆಗಳನ್ನೂ ಮಾಡಿದ. ಕ್ಯೂಬಾದ ಕ್ರಾಂತಿಯ ಪರ ನಿಂತ. 1982ರ ಸೆಪ್ಟೆಂಬರ್ 11ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ.

2015ರಿಂದ 2017ರವರೆಗೆ ಪ್ಯಾರಿಸ್‌ನ ಪಾಂಪಿದೂ ಕೇಂದ್ರ, ಮ್ಯಾಡ್ರಿಡ್‌ನ ರೇನಾ ಸೋಫಿಯಾ, ಲಂಡನ್ನಿನ ಟೇಟ್ ಮಾಡರ್ನ್, ಮೂರೂ ಕಡೆ ಅವನ ದೊಡ್ಡ ಪ್ರದರ್ಶನ ಸುತ್ತಿತು. ಕೊನೆಗೆ ಕೋಟಿನ ಕೋಣೆ ಪಕ್ಕ ನೇತುಹಾಕಿದ್ದ ಅದೇ ಮ್ಯೂಸಿಯಂ, ಚಿತ್ರ ಕೊಂಡ 80 ವರ್ಷಕ್ಕೆ, ಅವನ ಇಡೀ ಜೀವನವನ್ನು ಒಳಗೆ ಕರೆಯಿತು. ಪ್ರದರ್ಶನಕ್ಕೆ ಇಟ್ಟ ಹೆಸರು, ನಿದ್ದೆ ಮಾಡದಿದ್ದಾಗ ನಾನು ಕನಸು ಕಾಣ್ತೀನಿ ಅನ್ನೋ ಅರ್ಥದ್ದು.

ಭಾಗ 7/8: ಅಜ್ಜಿಯ ಎತ್ತಿನ ಗಂಟೆ

ಈ ಹೆಸರು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಅವಳೂ ರಾತ್ರಿ ನಿದ್ದೆ ಮಾಡಲ್ಲ. ಎರಡು ಗಂಟೆಗೆ ಎದ್ದು ಕೂತಿರ್ತಾಳೆ.

ಅಜ್ಜಿಯ ತವರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. 1948ರಲ್ಲಿ ಅವಳಿಗೆ ಆರು ವರ್ಷ. ಶಾಲೆಯಲ್ಲಿ ನಾವು ಓದಿದ್ದು ನೆನಪಿಸಿಕೊಳ್ರಿ: ಭಾರತ 1947ರ ಆಗಸ್ಟ್ 15ಕ್ಕೆ ಸ್ವತಂತ್ರ ಆಯ್ತು, ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಆಗಲಿಲ್ಲ. ನಾವು ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದೆವು. ರಜಾಕಾರರ ದಾಳಿ ಹೆಚ್ಚಾದಾಗ ಗಡಿ ಹಳ್ಳಿಗಳ ಜನ ಮುಂಬೈ ಪ್ರಾಂತ್ಯದ ಕಡೆ ಓಡಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಹೋರಾಟದ ಶಿಬಿರ ನಡೆಸುತ್ತಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ನಿಜಾಮ ಶರಣಾದ. ಐದು ಅಂಕದ ಪ್ರಶ್ನೆ, ಉತ್ತರ ಮುಗೀತು.

ಅಜ್ಜಿಗೆ ಇಸವಿ ಗೊತ್ತಿಲ್ಲ. ಅವಳಿಗೆ ಗೊತ್ತಿರೋದು ಒಂದೇ. ಹೋದ ದೀಪಾವಳಿಗೆ ಹೇಳಿದಳು:

“ರಾತ್ರಿ ಚಕ್ಕಡಿ ಕಟ್ಟಿದ್ರು ಯವ್ವಾ. ಎತ್ತಿನ ಕೊರಳಗಂಟಿ ಒಳಗ ನಮ್ಮಪ್ಪ ಅರಿವಿ ತುರುಕಿದ, ಸಪ್ಪಳ ಆಗಬಾರದು ಅಂತ. ನನ್ನ ಬಾಯಿಗೂ ನಮ್ಮವ್ವ ಕೈ ಇಟ್ಟಿದ್ಲು. ಗಜೇಂದ್ರಗಡದ ಗುಡ್ಡ ಕಾಣೋತನಕ ತಗೀಲಿಲ್ಲ.”

ಇಷ್ಟೇ. ಮುಂದೆ ಕೇಳಿದ್ರೆ, “ಹೋಗ, ಹಾಲು ಉಕ್ಕಿತು ನೋಡು” ಅಂತಾಳೆ.

ಇದನ್ನ ಕಾಲೇಜಿನ ಗೆಳತಿ ಒಬ್ಬಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಜ್ಜನ ಕಥೆ ಸೆಪ್ಟೆಂಬರ್ 17ರ ಆಮೇಲೆ ಶುರುವಾಗ್ತದ” ಅಂದಳು. ಅವಳ ಮನೆಯವರು ಮುಸ್ಲಿಮರು. ನಿಜಾಮ ಶರಣಾದ ಮೇಲೆ ಹಲವು ಕಡೆ, ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ದಾಳಿ ನಡೆದವು. ಆಗ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ. ಮೊಹರಂನಲ್ಲಿ ಅಲಾಯಿ ದೇವರ ಮುಂದೆ ಒಟ್ಟಿಗೆ ಹೆಜ್ಜೆ ಹಾಕೋ ಊರುಗಳು ನಮ್ಮವು. ಅದೇ ಊರುಗಳಲ್ಲಿ ಎರಡು ಮನೆ, ಎರಡು ರಾತ್ರಿ. ಒಂದು ನಮ್ಮ ಪಠ್ಯದಲ್ಲಿ ಒಂದು ಪ್ಯಾರಾ ಆಗಿದೆ, ಇನ್ನೊಂದು ಅದೂ ಆಗಿಲ್ಲ.

ಅವತ್ತು ನನಗೆ ಆ ಕೋಟಿನ ಕೋಣೆ ಅರ್ಥ ಆಯ್ತು. ನಮ್ಮ ಜಿಲ್ಲೆಯ ನೆನಪುಗಳೆಲ್ಲ ಅಲ್ಲೇ ನೇತಾಡ್ತಿವೆ. ದಾರಿಯಲ್ಲೇ ಅದಾವ, ನಾವು ದಾಟಿ ಹೋಗ್ತೀವಿ.

ಭಾಗ 8/8: ಯಾವ ಗೋಡೆಗೆ?

ಕೊನೆಯ ಫೋಟೋ ಕಿನ್ನಾಳದ್ದು, ನಾನೇ ತೆಗೆದದ್ದು. ಕೊಪ್ಪಳದಿಂದ ಬಸ್ಸಲ್ಲಿ ಅರ್ಧ ಗಂಟೆಯ ದಾರಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು, ನಾರು ಸೇರಿಸಿದ ಕಿಟ್ಟದಿಂದ ಗರುಡ, ಗೌರಿ, ಹಣ್ಣು, ಗೊಂಬೆ ಎಲ್ಲ ಮಾಡ್ತಾರೆ. ಹಂಪಿಯ ಕಾಲದಿಂದ ಬಂದ ಕೈಗಳು ಅಂತ ಅಲ್ಲಿಯ ಚಿತ್ರಗಾರ ಮನೆತನದವರು ಹೇಳ್ತಾರೆ. ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಕೂಡ ಇದೆ. ಆದರೂ ನಾವು ಇವನ್ನ ಎಲ್ಲಿ ನೋಡ್ತೀವಿ? ಸನ್ಮಾನದಲ್ಲಿ ಶಾಲಿನ ಜೊತೆ ಕೊಡೋ ನೆನಪಿನ ಕಾಣಿಕೆಯಾಗಿ, ಟಿವಿ ಮೇಲಿನ ಧೂಳಿನಲ್ಲಿ. ಮಾಡಿದವರು ಯಾರು ಅಂತ ಹೆಸರು ಸಹ ಕೇಳಲ್ಲ. ಗ್ಯಾಲರಿಯಲ್ಲಿ ಇಟ್ಟರೆ ಕಲೆ, ಅಂಗಡಿಯಲ್ಲಿ ಇಟ್ಟರೆ ಕರಕುಶಲ. ಎಲ್ಲಿ ಇಡಬೇಕು ಅಂತ ನಿರ್ಧಾರ ಮಾಡೋರು ಯಾರು?

ನಾನು ಲಾಮ್‌ನಿಂದ ಕಲಿತದ್ದು ಇದು. ಅವನ ಜೀವನದ ಮೇಲೆ ರಾಜಕೀಯ ಬಂದು ಬಿತ್ತು, ಒಂದಲ್ಲ ಎರಡು ಸಲ. ಊರು, ದೇಶ ಬಿಟ್ಟು ಓಡಿದ. ಆದರೆ ಅವನು ಓಡಿದ್ದರ ಚಿತ್ರವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ತನ್ನ ಮನೆಯವರು ಬಾಯಿಮುಚ್ಚಿ ಉಳಿಸಿಕೊಂಡದ್ದನ್ನು, ಆ ಅಡಗಿಸಿಟ್ಟ ದೇವರುಗಳನ್ನು, ಕಬ್ಬಿನ ನಡುವೆ ಎದುರಿಗೆ ತಂದು ನಿಲ್ಲಿಸಿದ. ಮ್ಯೂಸಿಯಂಗೆ ಅದನ್ನು ಸರಿಯಾದ ಗೋಡೆಗೆ ಹಾಕೋಕೆ ದಶಕಗಳು ಹಿಡಿದವು. ಚಿತ್ರ ಇತ್ತು, ಆದ್ದರಿಂದ ಕಾಯೋಕೆ ಆಯ್ತು. ಚಿತ್ರವೇ ಇಲ್ಲದಿದ್ರೆ?

ನಮ್ಮ ಅಜ್ಜಿಗೆ ಈಗ 83. ನಾನು ಅವಳ ಮಾತು ಒಂದನ್ನೂ ರೆಕಾರ್ಡ್ ಮಾಡಿರಲಿಲ್ಲ. ಫೋನಲ್ಲಿ ರೀಲ್ಸ್ ಡ್ರಾಫ್ಟ್ ನಲವತ್ತು ಇದ್ದವು, ಅಜ್ಜಿ ಒಂದೂ ಇರಲಿಲ್ಲ. ಹೋದ ಭಾನುವಾರ ಎರಡು ಗಂಟೆ ರಾತ್ರಿ ನಾನೂ ಎದ್ದು ಅವಳ ಪಕ್ಕ ಕೂತೆ. ಏನೂ ಕೇಳಲಿಲ್ಲ. ‘ಲಾ ಹುಂಗ್ಲಾ’ ತೆಗೆದು ಫೋನ್ ಅವಳ ಕೈಗೆ ಕೊಟ್ಟೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಕಬ್ಬಿನ್ಯಾಗ ಅಡಗಿಕೊಂಡಾರ” ಅಂದಳು. ಆಮೇಲೆ ತಾನಾಗಿಯೇ, “ನಾವು ಜ್ವಾಳದಾಗ ಅಡಗಿದ್ವಿ, ಒಂದು ಹಗಲೆಲ್ಲ” ಅಂದಳು.

ಈ ಜೋಳದ ಹೊಲದ ಮಾತು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. 11 ನಿಮಿಷ ರೆಕಾರ್ಡ್ ಆಗಿದೆ. ಇಲ್ಲಿ ಹಾಕಲ್ಲ, ಅವಳನ್ನ ಕೇಳದೆ ಹಾಕೋದು ತಪ್ಪು. ಆದರೆ ಉಳಿದಿದೆ.

ನೀವೂ ಒಂದು ಕೆಲಸ ಮಾಡ್ರಿ. ಈ ವಾರ ಮನೆಯ ಹಿರಿಯರೊಬ್ಬರ ಹತ್ತಿರ ಕೂತ್ಕೊಳ್ರಿ. 1948 ಅಂತ ಪ್ರಶ್ನೆ ಕೇಳಬೇಡ್ರಿ, ಅವರಿಗೆ ಅದು ಪರೀಕ್ಷೆ ಆಗ್ತದ. ಒಂದು ಚಿತ್ರ ತೋರಿಸ್ರಿ, ಇಲ್ಲಾ ಹಳೇ ಎತ್ತಿನ ಗಂಟೆ ಇದ್ರೆ ಕೈಗೆ ಕೊಡ್ರಿ. ಅವರು ಹೇಳಿದ್ದನ್ನ ಉಳಿಸಿಕೊಳ್ರಿ, ನಿಮ್ಮ ಕಥೆಗೆ ಹೊಂದದಿದ್ರೂ ಉಳಿಸಿಕೊಳ್ರಿ. ಗೆಳತಿಯ ಅಜ್ಜ ಈಗಿಲ್ಲ. ಅವಳು ಅವರಿಂದ ಕೇಳಿ ಉಳಿದಷ್ಟನ್ನು ಬರೆಯೋಕೆ ಶುರು ಮಾಡಿದ್ದಾಳೆ.

ಹಾ, ಕಾಲು ಎಷ್ಟು ಬಂತು ಅಂತ ಕಮೆಂಟ್ ಮಾಡ್ರಿ. ನನ್ನದು ಇನ್ನೂ ಟ್ಯಾಲಿ ಆಗಿಲ್ಲ.

#ಕೊಪ್ಪಳ #ಯಲಬುರ್ಗಾ #ಕುಷ್ಟಗಿ #ಗಂಗಾವತಿ #ಕಿನ್ನಾಳ #ವಿಫ್ರೆಡೊಲಾಮ್ #ನಮ್ಮಇತಿಹಾಸ